ಹೊಸಮನೆಯಲ್ಲಿ ಕುಳಿತವಳು

ಬೆಳಕು ಹರಿಯುವ ಮೊದಲು ಶೈಲಜಾ ಮುಗಿಸುವ ಕೆಲಸಗಳು ಇವು. ನಾಲ್ಕು ಮುಕ್ಕಾಲಿಗೆ ಎದ್ದು ಗೀಸರ್ ಹಾಕುವುದು. ಅತ್ತೆಯ ಲಿಂಗಪೂಜೆಗೆ ಜಾಗ ಒರೆಸಿ ವಿಭೂತಿ, ಪತ್ರೆ, ತಂಬಿಗೆ ನೀರು ಇಡುವುದು. ಹಸಿ ಕಸ ಒಣ ಕಸ ಬೇರೆ ಮಾಡಿ ಬಾಗಿಲ ಹೊರಗಿಡುವುದು. ಐದೂವರೆ ದಾಟಿದರೆ ಆ ದಿನದ ಕಸ ಮನೆಯಲ್ಲೇ ಉಳಿಯುತ್ತದೆ. ಜೋಳದ ಹಿಟ್ಟು ನಾದಿ ಹದಿನಾಲ್ಕು ರೊಟ್ಟಿ ಬಡಿಯುವುದು. ಕೆಳಗಿನ ಫ್ಲಾಟಿನವರು ಸದ್ದಿಗೆ ಒಮ್ಮೆ ದೂರು ಕೊಟ್ಟ ಮೇಲೆ ಕಟ್ಟೆಯ ಮೇಲೆ ದಪ್ಪ ಟವೆಲ್ ಹಾಸಿಕೊಂಡು ಬಡಿಯುವುದು. ಗಂಡನ ಅಂಗಿಗೆ ಇಸ್ತ್ರಿ, ಮಗಳ ಡಬ್ಬಿ, ಅತ್ತೆಯ ಮಾತ್ರೆ, ಅವರ ಮೊಣಕಾಲಿಗೆ ಬಿಸಿನೀರಿನ ಚೀಲ. ವಾಷಿಂಗ್ ಮೆಷಿನ್‌ಗೆ ಬಟ್ಟೆ ತುಂಬಿ, ಅದರ ಗುಡುಗಿಗೆ ಯಾರಿಗೂ ಎಚ್ಚರವಾಗದಂತೆ ಬಾಲ್ಕನಿಯ ಬಾಗಿಲು ಎಳೆದುಕೊಳ್ಳುವುದು.

ಇವುಗಳಲ್ಲಿ ಒಂದನ್ನೂ ಮನೆಯ ಯಾರೂ ಕಂಡಿಲ್ಲ. ಅವರು ಏಳುವ ಹೊತ್ತಿಗೆ ಎಲ್ಲ ಆಗಿರುತ್ತದೆ.

ಶೈಲಜಾಗೆ ನಲವತ್ತೊಂದು. ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷ, ಕುಂದಲಹಳ್ಳಿಯ ಈ ಒಂಬತ್ತನೇ ಮಹಡಿಗೆ ಬಂದು ಹನ್ನೊಂದು. ಗಂಡ ವಿಶ್ವನಾಥ್ ಟೆಕ್ ಪಾರ್ಕಿನಲ್ಲಿ ಮ್ಯಾನೇಜರ್. ಮಗಳು ಸೌಮ್ಯಾ ಎರಡನೇ ಪಿಯುಸಿ. ಅತ್ತೆ ಚನ್ನಬಸಮ್ಮ ಹೊರಗಿನವರನ್ನು ಅಡುಗೆಮನೆಯ ಹೊಸ್ತಿಲು ದಾಟಿಸುವುದಿಲ್ಲ. ಹಾಗಾಗಿ ಮನೆಗೆಲಸಕ್ಕೆ ಬೇರೆ ಯಾರೂ ಇಲ್ಲ.

ಹನ್ನೊಂದರಿಂದ ಹನ್ನೆರಡೂವರೆ ಅವಳದು. ಮಗಳು ಬಿಟ್ಟ ಹಳೆಯ ಲ್ಯಾಪ್‌ಟಾಪ್ ತೆರೆದು, ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅವಳು ಗೇಮ್ ಆಡುತ್ತಾಳೆ. ಲಾಕ್‌ಡೌನಿನಲ್ಲಿ ಸೌಮ್ಯಾಳ ಪಕ್ಕ ಕೂತು ಶುರುವಾದದ್ದು. ಸೌಮ್ಯಾ ಬಿಟ್ಟಳು, ಇವಳು ಬಿಡಲಿಲ್ಲ. ಫೋನಿನಲ್ಲಿ ಕನ್ನಡದ ಗೇಮರ್‌ಗಳ ಒಂದು ಗುಂಪಿದೆ. ಅಲ್ಲಿ ಅವಳ ಹೆಸರು ಬರೀ ‘ಶೈಲ್’. ಯಾರೋ ಪಿ.ಜಿ.ಯಲ್ಲಿರುವ ಹುಡುಗ ಎಂದುಕೊಂಡವರೇ ಎಲ್ಲ. ಅವಳು ತಿದ್ದಲಿಲ್ಲ.

ಅವಳ ಅಭಿಪ್ರಾಯಗಳಿಗೆ ಆ ಗುಂಪಿನಲ್ಲಿ ಒಂದು ಹೆಸರಿತ್ತು. ಯುದ್ಧದ ಗೇಮುಗಳು ಅವಳಿಗೆ ಸುಳ್ಳು ಅನ್ನಿಸುತ್ತವೆ: ನಲವತ್ತು ಗಂಟೆ ಕೆಸರಲ್ಲಿ ತೆವಳಿದವನ ಬಟ್ಟೆ ಒಗೆದವರಾರು ಎಂದು ಯಾವ ಗೇಮೂ ತೋರಿಸುವುದಿಲ್ಲ. ಬೇಸಾಯದ ಗೇಮು ಇಷ್ಟ, ಆದರೆ ಬೆಳೆದದ್ದನ್ನು ಸೋಸಿ ಹೆಚ್ಚುವ ಕೆಲಸವನ್ನು ಜಾಣತನದಿಂದ ಬಿಟ್ಟಿದ್ದಾರೆ. ಕಾರಿನ ರೇಸು ಅವಳಿಗೆ ಬೇಡವೇ ಬೇಡ. ಹಾರರ್ ಗೇಮುಗಳೆಂದರೆ ಪ್ರಾಣ. ಒಮ್ಮೆ ಗುಂಪಿನಲ್ಲಿ ಬರೆದಿದ್ದಳು: “ನೂರು ವರ್ಷದಿಂದ ಖಾಲಿ ಇರೋ ಬಂಗಲೆ ಅಂತಾರೆ. ಪ್ರತಿ ರೂಮಲ್ಲೂ ದೀಪ ಉರೀತಿರತ್ತೆ. ಎಣ್ಣೆ ಹಾಕೋರು ಯಾರು? ದೆವ್ವ ಓಡಿಸಿಕೊಂಡು ಬರೋದಲ್ಲ ನನಗೆ ಭಯ. ಆ ಎಣ್ಣೆ ಹಾಕೋರು.”

“ಮಗಾ, ನೀನು ಗೇಮ್ ಆಡ್ತೀಯೋ, ಮನೆ ಬಾಡಿಗೆಗೆ ನೋಡೋಕೆ ಹೋಗ್ತೀಯೋ,” ಎಂದು ಒಬ್ಬ ಬರೆದ.

ಅದನ್ನು ಓದಿ ಸಿದ್ದರಾಜು ಫೋನ್ ನಂಬರ್ ಕೇಳಿದ. ಅವನು ಕುಂದಲಹಳ್ಳಿಯ ಹಳೆಯ ಮನೆತನದವನು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಕಟ್ಟಿಸಿದ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು ಗೇಮ್ ಮಾಡುತ್ತಿದ್ದ.

“ಹೆಲೋ ಗುರು,” ಎಂದ. ಇವಳು ಮಾತಾಡಿದಳು.

“ಅಕ್ಕ, ಸಾರಿ. ಇಷ್ಟು ದಿನ ನಿಮ್ಮನ್ನ ಮಚ್ಚಾ ಅಂತೆಲ್ಲ ಅಂದಿದೀನಿ.”

“ಅಂದ್ಕೋ ಪರವಾಗಿಲ್ಲ. ಮನೇಲಿ ಯಾರೂ ಹಾಗನ್ನಲ್ಲ.”

ಅವನ ಗೇಮಿನ ಹೆಸರು ‘ಹೊಸಮನೆ’. ಮೂವತ್ತು ಜನಕ್ಕೆ ಪರೀಕ್ಷೆಗೆ ಕೊಟ್ಟಿದ್ದ. ಯಾರು ಕೊನೆ ಮುಟ್ಟಿ ಶುಕ್ರವಾರ ಹತ್ತಕ್ಕೆ ಆಫೀಸಿಗೆ ಬಂದು ತೋರಿಸುತ್ತಾರೋ ಅವರಿಗೆ ಕೆಲಸ. ದಿನಕ್ಕೆ ನಾಲ್ಕು ಗಂಟೆ ಗೇಮ್ ಆಡಿ ತಪ್ಪು ಹುಡುಕುವುದು. ಕೂರಲು ಒಂದು ಕುರ್ಚಿ. ಆಟ ಮುಗಿದ ಮೇಲೆ ಪರದೆಯಲ್ಲಿ ಮೇಲೇರುವ ಹೆಸರುಗಳಲ್ಲಿ ಒಂದು ಹೆಸರು.

ಶೈಲಜಾ ಯಾವ ಗೇಮ್ ಮುಗಿಸಿದರೂ ಆ ಹೆಸರುಗಳನ್ನು ಕೊನೆಯವರೆಗೂ ಓದುವವಳು. ಬಾಗಿಲ ಫಲಕದಲ್ಲಿ, ಗ್ಯಾಸಿನ ಪುಸ್ತಕದಲ್ಲಿ, ಕರೆಂಟ್ ಬಿಲ್ಲಿನಲ್ಲಿ ಅವಳ ಹೆಸರಿರಲಿಲ್ಲ. ಆ ಕುರ್ಚಿ ತನಗೆ ಬೇಕು ಎಂದು ಅನ್ನಿಸಿದ ರಭಸಕ್ಕೆ ಅವಳಿಗೇ ಗಾಬರಿಯಾಯಿತು.

ಸಂಜೆ ವಿಶ್ವನಾಥನಿಗೆ ಹೇಳಿದಳು. ಅವನು ನಕ್ಕ. “ಆಟ ಆಡೋಕೆ ಕೆಲಸ ಕೊಡ್ತಾರಾ? ನಮ್ಮ ಆಫೀಸಲ್ಲಿ ಕೊಡಲ್ಲಪ್ಪ.”

“ನಿಮ್ಮ ಆಫೀಸ್ನ್ಯಾಗ ನೀವ ಏನ್ ಮಾಡ್ತೀರಿ ಅನ್ನೂದು ನನಗಿನ್ನೂ ತಿಳಿದಿಲ್ರೀ.”

“ಹೋಗು ಮಾರಾಯ್ತಿ, ಬೇಡ ಅಂದ್ನಾ. ಅವ್ವನ ಊಟದ ಹೊತ್ತಿಗೆ ಬಂದ್ಬಿಟ್ರೆ ಆಯ್ತು.” ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೀರಿನ ಲೋಟಕ್ಕೆ ಕೈ ಚಾಚಿದ, ಲೋಟ ತುಂಬಿತ್ತು.

ಮಂಗಳವಾರ ಹನ್ನೊಂದಕ್ಕೆ ಅವಳು ‘ಹೊಸಮನೆ’ಗೆ ಹೋದಳು. ಹೆಂಚಿನ ಮನೆ. ಬಾಗಿಲಿಗೆ ಒಣಗಿ ಕಂದಾದ ಮಾವಿನ ತೋರಣ. ಒಳಗೆ ಕಾಲಿಡುತ್ತಲೇ ಹಿಂದೆ ಚಿಲಕ ಬಿತ್ತು. ಆ ಬಾಗಿಲು ಮತ್ತೆ ತೆರೆದರೆ ಆಟ ಮುಗಿದಂತೆ. ನಡುಮನೆ, ಗೋಡೆಗುಂಟ ಒಂದು ಜಗುಲಿ, ಆಚೆ ಅಡುಗೆಮನೆ, ಹಿತ್ತಲು. ಎಲ್ಲೋ ಪಾತ್ರೆಯ ಸದ್ದು. ಗೋಡೆಯ ಮೇಲೆ ಒಂದು ನೆರಳು ಅವಸರದಲ್ಲಿ ಹಾದುಹೋಗುತ್ತದೆ. ಅದು ತಾಕಿದರೆ ಪರದೆ ಕಪ್ಪಾಗಿ ಮತ್ತೆ ಬಾಗಿಲಿನಿಂದ ಶುರು. ಗುಂಪಿನ ಹುಡುಗರೆಲ್ಲ ಎರಡನೇ ಕೋಣೆಯಲ್ಲೇ ಔಟಾಗಿದ್ದರು. ಓಡುತ್ತಿದ್ದರು, ಬೀರುವಿನೊಳಗೆ ಅಡಗುತ್ತಿದ್ದರು.

ಶೈಲಜಾ ಓಡಲಿಲ್ಲ. ನೆಲದ ಮೇಲೆ ಮಣ್ಣು ಬಿದ್ದಿತ್ತು, ಬಾಗಿಲ ಸಂದಿಯಲ್ಲಿ ಪೊರಕೆ ಇತ್ತು. ಗುಡಿಸಿದಳು. ಗೋಡೆಯ ಮೇಲಿನ ನೆರಳು ಗಕ್ಕನೆ ನಿಂತಿತು. ದೀಪಕ್ಕೆ ಎಣ್ಣೆ ಹಾಕಿದಳು, ಕೊಡ ತುಂಬಿದಳು, ಚಾಪೆ ಸುತ್ತಿದಳು, ಪಾತ್ರೆ ತೊಳೆದಳು, ಹಿತ್ತಲಿನ ಬಟ್ಟೆ ತಂದು ಮಡಚಿದಳು. ಒಂದೊಂದು ಕೆಲಸ ಮುಗಿದಂತೆ ನೆರಳಿನ ಅವಸರ ಇಳಿಯಿತು. ಕೊನೆಗೆ ಅದು ಕಾಣಿಸಲೇ ಇಲ್ಲ. ಆಗ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಾಲು ಏರುವ ಸದ್ದು. ಯೋಚಿಸುವ ಮೊದಲೇ ಕೈ ಒಲೆ ಆರಿಸಿತ್ತು.

ಕಿಟಕಿಯಾಚೆ ಮತ್ತೆ ಬೆಳಗಾಯಿತು. ನೆಲದ ಮೇಲೆ ಮತ್ತೆ ಮಣ್ಣು. ಬಾಗಿಲು ತೆರೆಯಲಿಲ್ಲ.

ಮತ್ತೊಮ್ಮೆ ಎಲ್ಲ ಮಾಡಿದಳು. ಆಗ ಕಂಡಿತು: ಜಗುಲಿಯ ಮೇಲೆ ಒಬ್ಬ ಹೆಂಗಸು, ಇವಳಿಗೆ ಬೆನ್ನು ಮಾಡಿ, ಕಾಲು ಚಾಚಿ ಕುಳಿತಿದ್ದಳು. ದಣಿದವರು ಕೂರುವಂತೆ ಕುಳಿತಿದ್ದಳು. ಹಿಮ್ಮಡಿಯ ಬಿರುಕುಗಳು ಕೂಡ ಕಾಣುತ್ತಿದ್ದವು.

ಹನ್ನೆರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದರೆ ಸಿಂಕು ಖಾಲಿ. ಬೆಳಗಿನ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ದೊಡ್ಡವು ಕೆಳಗೆ, ಸಣ್ಣವು ಮೇಲೆ. ಶೈಲಜಾ ಯಾವತ್ತೂ ಹಾಗೆ ಜೋಡಿಸುವವಳಲ್ಲ. ಚನ್ನಬಸಮ್ಮನಿಗೆ ಊರುಗೋಲೋ ಗೋಡೆಯೋ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲ. ತಾನೇ ತೊಳೆದು ಮರೆತಿರಬೇಕು ಎಂದುಕೊಂಡಳು. ಪಾತ್ರೆ ತೊಳೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಬುಧವಾರವೂ ಅದೇ ಆಟ. ಆರು ಕೆಲಸ, ಹಾಲು, ಕೈ, ಮತ್ತೆ ಬೆಳಗು. ಐದು ಸಲ. ಜಗುಲಿಯ ಹೆಂಗಸು ಒಮ್ಮೆ ಇರುತ್ತಿದ್ದಳು, ಒಮ್ಮೆ ಇರುತ್ತಿರಲಿಲ್ಲ. ಶೈಲಜಾ ಹೊರಬಂದಾಗ ಚನ್ನಬಸಮ್ಮ ಹಾಲ್‌ನಲ್ಲಿ ಖಾಲಿ ಕಪ್ಪನ್ನು ಕೆಳಗಿಡುತ್ತಿದ್ದರು.

“ಚಾ ಭಾಳ ಚಲೋ ಆಗಿತ್ತು ಇವತ್ತ. ಬೆಲ್ಲ ಹಾಕಿದ್ದೇನ?”

ಶೈಲಜಾ ಚಹಾ ಮಾಡಿರಲಿಲ್ಲ. ಕೋಣೆಯಿಂದ ಹೊರಗೇ ಬಂದಿರಲಿಲ್ಲ. “ಯಾರ ಕೊಟ್ರು ಅತ್ತೀ?”

“ಯಾರ ಕೊಡ್ತಾರ, ನೀನ ಕೊಟ್ಟಿ.”

“ನನ್ನ ಮಾರಿ ನೋಡಿದ್ರೇನ?”

“ಚಾ ಕೊಡೂಮುಂದ ಮಾರಿ ಯಾರ ನೋಡ್ತಾರವಾ. ಕೈ ನೋಡಿದೆ. ಬಳಿ ಇದ್ವು.”

ಶೈಲಜಾ ತನ್ನ ಕೈ ನೋಡಿಕೊಂಡಳು. ರೊಟ್ಟಿ ಬಡಿಯುವಾಗ ತೆಗೆದಿಟ್ಟ ಬಳೆ ಇನ್ನೂ ಹಾಕಿಕೊಂಡಿರಲಿಲ್ಲ.

ಗುರುವಾರ ಬೆಳಿಗ್ಗೆಯೇ ಸಿದ್ದರಾಜುಗೆ ಫೋನ್ ಮಾಡಿದಳು. “ಜಗುಲಿ ಮೇಲೆ ಕೂತಿರ್ತಾಳಲ್ಲ, ಅವಳು ಯಾರು?”

“ಹೆಂಗಸಾ? ಹೆಂಗಸನ್ನ ನಾವು ಹಾಕೇ ಇಲ್ಲ ಅಕ್ಕ. ಬರೀ ನೆರಳು. ಕೆಲಸ ಎಲ್ಲ ಮುಗಿದ್ರೆ ಅದೂ ಹೋಗ್ಬಿಡತ್ತೆ. ಕೂರೋದನ್ನ ನಾವು ಮಾಡೇ ಇಲ್ಲ.”

“ಹಿಮ್ಮಡಿ ಒಡೆದಿದೆ ಅವಳದ್ದು.”

“ಸುಮ್ನಿರಿ ಅಕ್ಕ, ಹೆದರಿಸ್ಬೇಡಿ. ನಾನೊಬ್ಬನೇ ಇದೀನಿ ಆಫೀಸಲ್ಲಿ.” ನಗಲು ನೋಡಿದ. ಆಮೇಲೆ ಅಂದ, “ಅದು ನಮ್ಮಜ್ಜಿ ಈಶ್ವರಮ್ಮ ಕಟ್ಟಿಸಿದ ಮನೆ ಅಳತೆ. ಒಕ್ಕಲಾಗೋಕೆ ಮುಂಚೆನೇ ರೋಡಿಗೆ ಹೋಯ್ತಂತೆ. ಇಷ್ಟಕ್ಕಿಂತ ಜಾಸ್ತಿ ಹೇಳಿದ್ರೆ ಚೀಟಿಂಗ್ ಆಗತ್ತೆ. ನಾಳೆ ಹತ್ತಕ್ಕೆ ಬನ್ನಿ. ಬೇರೆ ಯಾರೂ ಮುಗಿಸಿಲ್ಲ.”

ಒಕ್ಕಲಾಗದ ಮನೆ. ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲಿತ್ತು. ಹೊಸ ಮನೆಗೆ ಒಕ್ಕಲಾಗುವ ದಿನ ಹಾಲು ಉಕ್ಕಬೇಕು. ಒಲೆಯ ನಾಲ್ಕೂ ಕಡೆ ಸುರಿಯಬೇಕು. ಹೆಂಗಸಿನ ಬಾಳಿನಲ್ಲಿ ಹಾಲು ಉಕ್ಕಿಸಿದರೆ ಬೈಸಿಕೊಳ್ಳದ ದಿನ ಅದೊಂದೇ.

ಆ ದಿನವನ್ನೂ ಶೈಲಜಾ ಕೆಡಿಸಿಕೊಂಡಿದ್ದಳು. ಹನ್ನೊಂದು ವರ್ಷದ ಹಿಂದೆ ಇದೇ ಫ್ಲಾಟಿನ ಗೃಹಪ್ರವೇಶ. ರಾಣೆಬೆನ್ನೂರಿನಿಂದ ಬಂದ ನೆಂಟರು, ಅಯ್ಯನವರು, ಹೊಸ ಪಾತ್ರೆ, ಅರಿಶಿನದ ದಾರ. ಹಾಲು ಅಂಚಿಗೆ ಬಂತು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಇವಳ ಕೈ ತಾನಾಗಿ ಮುಂದೆ ಹೋಗಿ ಒಲೆ ಆರಿಸಿತ್ತು. ಎಂಟು ವರ್ಷ ಸಂಸಾರ ಮಾಡಿದ ಕೈ ಅದು. ಮತ್ತೆ ಹೊತ್ತಿಸಿ ಉಕ್ಕಿಸಿದರು, ನಿಜ. ಆದರೆ ಮಿಕ್ಸಿ ಕೆಟ್ಟರೂ, ವಿಶ್ವನಾಥನ ಪ್ರಮೋಷನ್ ತಪ್ಪಿದರೂ ಚನ್ನಬಸಮ್ಮ ಇವತ್ತಿಗೂ ಅನ್ನುತ್ತಾರೆ: “ಉಕ್ಕೂ ಹಾಲು ಆರಿಸಿದಾಕಿ ನೀನು.”

‘ಹೊಸಮನೆ’ಯ ಬಾಗಿಲು ಹೇಗೆ ತೆರೆಯುತ್ತದೆಂದು ಅವಳಿಗೆ ತಿಳಿಯಿತು. ಕೆಲಸ ಉಳಿದಿದ್ದರೆ ಆ ನೆರಳು ಬಂದು ಒಲೆ ಆರಿಸುತ್ತಿರಬೇಕು. ಕೆಲಸ ಮುಗಿಸಿದರೆ ತಾನೇ ಆರಿಸುತ್ತಿದ್ದಾಳೆ. ಯಾರೂ ಆರಿಸಬಾರದು. ಅಷ್ಟೇ.

ತಿಳಿದ ಮೇಲೂ ಆ ದಿನ ಅವಳಿಂದ ಆಗಲಿಲ್ಲ. ಹಾಲಿನ ಸದ್ದು ಏರುತ್ತಲೇ ಬೆರಳು ಕೀ ಒತ್ತಿಬಿಡುತ್ತಿತ್ತು. ಏಳು ಸಲ. ಏಳನೆಯ ಸಲ ಜಗುಲಿಯ ಹೆಂಗಸು ಮುಖವನ್ನು ಅರ್ಧ ತಿರುಗಿಸಿದಳು. ಶೈಲಜಾ ಲ್ಯಾಪ್‌ಟಾಪ್ ಮುಚ್ಚಿದಳು. ಹೊರಗೆ ನೆಲ ಒರೆಸಿತ್ತು, ಇನ್ನೂ ಹಸಿಯಾಗಿತ್ತು. ಮಡಚಿದ ಬಟ್ಟೆಗಳು ಮಂಚದ ಮೇಲಿದ್ದವು. ಒರೆಸಿದ ನೆಲದ ಮೇಲೆ ಅತ್ತೆಯ ಊರುಗೋಲಿನ ಗುರುತಿಲ್ಲ, ಯಾರ ಹೆಜ್ಜೆಯ ಗುರುತೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ವಿಶ್ವನಾಥ್, “ಪಲ್ಯ ಬೇರೆ ಥರ ಇದೆ, ಚೆನ್ನಾಗಿದೆ,” ಎಂದ. ಪಲ್ಯ ತಾನು ಮಾಡಿದ್ದೋ ಅಲ್ಲವೋ ಅವಳಿಗೆ ಖಾತ್ರಿಯಿರಲಿಲ್ಲ. ಒಂದು ಯೋಚನೆ ಮೆಲ್ಲಗೆ ಬಂದು ಕೂತಿತು. ತಾನು ಆ ಮನೆಯ ಕೆಲಸ ಮಾಡುತ್ತಾ ಹೋದರೆ ಈ ಮನೆಯ ಕೆಲಸ ಆಗುತ್ತಾ ಹೋಗುತ್ತದೆ. ಮೊಣಕಾಲು ನೋಯದೆ, ಕೈ ಒಡೆಯದೆ, ಬರೀ ಬೆರಳ ತುದಿಯಲ್ಲಿ. ಯಾರಿಗೂ ತಿಳಿಯುವುದಿಲ್ಲ. ಹೀಗೇ ಇದ್ದುಬಿಡಬಹುದು. ಹೊರಗೆ ಹೋಗುವುದೊಂದು ಆಗುವುದಿಲ್ಲ. ಜಗುಲಿಯವಳಿಗೂ, ತನಗೂ.

ಶುಕ್ರವಾರ ವಿಶ್ವನಾಥ್, ಸೌಮ್ಯಾ ಹೊರಟ ಮೇಲೆ ಸೀರೆ ಬದಲಿಸಿ, ಚೀಲ ತಯಾರಿಟ್ಟು, ಒಂಬತ್ತೂಕಾಲಿಗೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಗುಡಿಸಿದಳು. ಎಣ್ಣೆ, ಕೊಡ, ಚಾಪೆ, ಪಾತ್ರೆ, ಬಟ್ಟೆ. ಜಗುಲಿಯ ಹೆಂಗಸು ಈ ಸಲ ಇತ್ತ ತಿರುಗಿಯೇ ಕುಳಿತಿದ್ದಳು. ಮುಖವಿತ್ತು. ಆದರೆ ಮದುವೆಮನೆಯಲ್ಲಿ ಬಡಿಸಿ ಹೋದವಳ ಮುಖದ ಹಾಗೆ, ನೋಡುತ್ತಿರುವಾಗಲೇ ಮರೆತುಹೋಗುವಂಥದು. ಅವಳು ಎದ್ದಳು. ಪರದೆಯ ಅಂಚಿನಾಚೆಗೆ ನಡೆದುಹೋದಳು. ಜಗುಲಿ ಖಾಲಿಯಾಯಿತು.

ಶೈಲಜಾಳ ಅಡುಗೆಮನೆಯಲ್ಲಿ ಲೈಟರಿನ ಟಿಕ್ ಕೇಳಿಸಿತು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು.

ಪರದೆಯಲ್ಲಿ ಹಾಲು ಏರತೊಡಗಿತು. ಬೆರಳು ಕೀಯ ಮೇಲಿತ್ತು.

“ಶೈಲಾ,” ಹಾಲ್‌ನಿಂದ ಚನ್ನಬಸಮ್ಮ ಕೂಗಿದರು. “ಹಾಲು ಇಟ್ಟೀಯೇನ? ಉಕ್ಕಾಕತ್ತೈತಿ ನೋಡು.”

ಒತ್ತಿದರೆ ಎಲ್ಲ ನಿನ್ನೆಯಂತೆ. ನೆಲ ಒರೆಸಿರುತ್ತದೆ, ಚಹಾ ಬಂದಿರುತ್ತದೆ, ಮುಖ ಯಾರೂ ನೋಡುವುದಿಲ್ಲ. ಗಡಿಯಾರದಲ್ಲಿ ಒಂಬತ್ತೂ ನಲವತ್ತು. ಕುರ್ಚಿ ಹತ್ತು ನಿಮಿಷದ ದಾರಿಯಲ್ಲಿತ್ತು.

“ಶೈಲಾ, ಕಿವುಡಿಯೇನ. ಅಲ್ಲೇ ನಿಂತೀಯಲ್ಲ, ಆರಿಸು.”

ಅಡುಗೆಮನೆಯಲ್ಲಿ ಯಾರೋ ನಿಂತಿದ್ದರು. ಬಳೆ ಒಮ್ಮೆ ಸದ್ದಾಗಿ ಸುಮ್ಮನಾಯಿತು. ಒಲೆ ಆರಲಿಲ್ಲ. ಆಚೆಯವಳು ಕಾಯುತ್ತಿದ್ದಾಳೆ ಎಂದು ಶೈಲಜಾಗೆ ಅರ್ಥವಾಯಿತು. ಇವಳು ಏಳುತ್ತಾಳೋ ಇಲ್ಲವೋ ಎಂದು ನೋಡುತ್ತಿದ್ದಾಳೆ.

ಹಾಲು ಪಾತ್ರೆಯ ಅಂಚು ಮುಟ್ಟಿತು, ಇಲ್ಲೂ, ಅಲ್ಲೂ. ಶೈಲಜಾ ಕೀಯ ಮೇಲಿಂದ ಬೆರಳು ತೆಗೆದಳು. ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನ ಕೈಯಿಂದ ಕೆಳಗಿನದನ್ನು ಬಿಗಿಯಾಗಿ ಹಿಡಿದು, ಏಳದೆ ಕುಳಿತಳು.