ಅಕ್ಕನ ಕಿಡ್ನಿ, ತಮ್ಮನ ಕೆಮ್ಮು

ಯೂನಿಫಾರ್ಮ್ ಹೊಲಿಯುವ ಆ ಅಂಗಡಿಯ ಒಡತಿಗೆ ಗಿರಾಕಿಗಳು ಬೆನ್ನ ಹಿಂದೆ ಇಟ್ಟ ಹೆಸರು ಮೆಣಸಿನಕಾಯಿ. ಎದುರಿಗೆ ಹಾಗೆನ್ನುವ ಧೈರ್ಯ ಯಾರಪ್ಪನಿಗೂ ಇರಲಿಲ್ಲ. ಗುಂಡಿ ಕಿತ್ತುಬಂತೆಂದು ಯಾರಾದರೂ ಬಂದರೆ, "ಅಂಗಿ ಹಾಕ್ಕೊಂಡಿದ್ರೋ, ಕುಸ್ತಿ ಆಡಿದ್ರೋ?" ಎಂದು ಮಾನ ಹರಾಜು ಹಾಕಿ, ಬೈಯುತ್ತಲೇ ಉಳಿದ ಗುಂಡಿಗಳನ್ನೂ ಬಿಗಿದು ಕಳಿಸುವವಳು.

ಆ ನಾಲಿಗೆಯ ಪೂರ್ತಿ ಬಿಸಿ ಉಂಡವನು ಅವಳ ತಮ್ಮ, ವೆಲ್ಡಿಂಗ್ ಕೆಲಸದವನು. ಆರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಇವಳೇ. ಕೊಟ್ಟಳು ಸರಿ, ಕೊಟ್ಟದ್ದನ್ನು ಬಿಟ್ಟಳೇ? ಅವನು ಉಪ್ಪಿನ ಡಬ್ಬಿ ಮುಟ್ಟಿದರೆ "ನನ್ನ ಕಿಡ್ನಿ ಕಣೋ ಅದು!" ನೀರು ಕಡಿಮೆ ಕುಡಿದರೆ "ನನ್ನ ಕಿಡ್ನಿ ಒಣಗಿಸ್ತೀಯಾ?" ನೆಂಟರಿಷ್ಟರ ಮುಂದೆಯೂ ಅದೇ ರಾಗ. ತಮ್ಮ ಹಲ್ಲು ಕಚ್ಚಿ ಸಹಿಸಿದ. ಆಮೇಲಾಮೇಲೆ ಅವಳು ಮುಂಬಾಗಿಲಿಗೆ ಬಂದರೆ ಇವನು ಹಿಂಬಾಗಿಲಿನಿಂದ ಜಾರಿಕೊಳ್ಳತೊಡಗಿದ.

ಆ ಚಳಿಗಾಲ ಮನೆಮನೆಗೂ ಜ್ವರ, ಕೆಮ್ಮು. ಎಲ್ಲರಿಗೂ ವಾರದಲ್ಲಿ ವಾಸಿಯಾಯಿತು. ತಮ್ಮನನ್ನು ಮಾತ್ರ ತಿಂಗಳುಗಳು ಕಳೆದರೂ ಬಿಡಲಿಲ್ಲ. ಹೆಂಡತಿಗೂ ಮಗಳಿಗೂ ಅಂಟೀತೆಂದು ಮಹಡಿಯ ಕೋಣೆಯಲ್ಲಿ ಒಬ್ಬನೇ ಬಿದ್ದುಕೊಂಡ. ಆಸ್ಪತ್ರೆಯವರು ವೈರಸ್ಸಿಗೆಂದೇ ಒಂದು ಇಂಜೆಕ್ಷನ್ ಕೊಟ್ಟರು. ಕೆಲವು ದಿನ ಕೆಮ್ಮು ತಗ್ಗಿ, ಮತ್ತೆ ಮೊದಲಿಗಿಂತ ಜೋರಾಗಿ ಹಿಡಿಯಿತು.

ಒಂದು ದಿನ ತಮ್ಮನ ಹೆಂಡತಿ ಅಂಗಡಿಗೆ ಓಡಿಬಂದಳು. "ಅತ್ತಿಗೆ, ಡಾಕ್ಟರು ಕಿಡ್ನಿ ಮಾತ್ರೆ ಕಡಿಮೆ ಮಾಡ್ಬೇಕು ಅಂತಿದ್ದಾರೆ. ಇವರು ಸುತರಾಂ ಒಪ್ತಿಲ್ಲ. ನೀವೇ ಬಂದು ಕೇಳಿ."

ಅಕ್ಕ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು.

"ಬೇರೆಯವರ ಕಿಡ್ನಿ ಅಂತ ಮೈ ಅದರ ಮೇಲೆ ಯುದ್ಧಕ್ಕೆ ಹೋಗ್ಬಾರದಲ್ಲ, ಅದಕ್ಕೆ ನಿಮ್ಮ ತಮ್ಮನ ರೋಗನಿರೋಧಕ ಶಕ್ತೀನ ನಾವೇ ಮಾತ್ರೆ ಕೊಟ್ಟು ಕುಗ್ಗಿಸಿದ್ದೀವಿ," ಎಂದರು ಡಾಕ್ಟರಮ್ಮ. "ಹಾಗಾಗಿ ವೈರಸ್ ಪೂರ್ತಿ ಸಾಯ್ತಿಲ್ಲ. ಒಳಗೇ ತನ್ನ ನಕಲು ಮಾಡ್ತಾ ಇದೆ. ನಕಲು ಮಾಡುವಾಗ ತಪ್ಪುಗಳಾಗ್ತವೆ. ಯಾವುದೋ ಒಂದು ತಪ್ಪಿನಿಂದ ಅದರ ಹೊರಮೈ ಬದಲಾಗುತ್ತೆ, ಇಂಜೆಕ್ಷನ್ನಿಗೆ ಗುರುತೇ ಸಿಗಲ್ಲ. ಮಿಕ್ಕವು ಸಾಯ್ತವೆ, ಅದು ಬೆಳೆಯುತ್ತೆ."

"ಬೇಕು ಅಂತಾನೇ ವೇಷ ಹಾಕುತ್ತಾ, ಹಾಳಾದ್ದು?"

"ಅದಕ್ಕೆಲ್ಲಿ ಬುದ್ಧಿ? ತಪ್ಪಿ ಆಗಿದ್ದು. ತಪ್ಪಿಸ್ಕೊಂಡಿದ್ದು ಉಳೀತು, ಅಷ್ಟೇ."

ಅಕ್ಕನಿಗೆ ಇದು ತನ್ನ ಕಸುಬಿನ ಲೆಕ್ಕದಲ್ಲಿ ಅರ್ಥವಾಯಿತು. ಕಾಗದದ ಅಚ್ಚು ಬಿಟ್ಟು, ಕತ್ತರಿಸಿದ ತೋಳನ್ನೇ ಇಟ್ಟು ಇನ್ನೊಂದು, ಅದನ್ನಿಟ್ಟು ಮತ್ತೊಂದು ಕತ್ತರಿಸುತ್ತ ಹೋದರೆ ಕೊನೆಯ ತೋಳು ಯಾವ ಅಂಗಿಗೂ ಕೂರುವುದಿಲ್ಲ. ಕೆಲಸದ ಹೆಂಗಸರನ್ನು ಈ ತಪ್ಪಿಗಾಗಿ ಅವಳು ಜಾಡಿಸಿದ್ದುಂಟು. ಇಲ್ಲಿ ಯಾರನ್ನು ಜಾಡಿಸುವುದು?

"ಮಾತ್ರೆ ಕಡಿಮೆ ಮಾಡಿದ್ರೆ ಮೈಯೇ ವೈರಸ್ ಓಡಿಸಬಹುದು. ಆದ್ರೆ ಕಿಡ್ನಿ ಮೇಲೂ ಬೀಳಬಹುದು. ಕಿಡ್ನಿ ಹೋದ್ರೆ ಡಯಾಲಿಸಿಸ್ ಇದೆ. ಹೀಗೇ ಬಿಟ್ರೆ ಶ್ವಾಸಕೋಶ ಹೋಗುತ್ತೆ, ಮನುಷ್ಯನೇ ಉಳಿಯಲ್ಲ."

ಯಾಕೆ ಮುಚ್ಚಿಡಬೇಕು, ಮೊದಲು ಅವಳ ಹೊಟ್ಟೆ ಉರಿದದ್ದು ಕಿಡ್ನಿಗಾಗಿ. ಮೈ ಕೊಯ್ಯಿಸಿಕೊಂಡು ಕೊಟ್ಟದ್ದು ನೀರುಪಾಲಾಗುವುದೇ! ಆ ಉರಿಯಲ್ಲೇ ತಮ್ಮನ ಮನೆಯ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲಿಗೆ ಗುದ್ದಿದಳು.

"ತೆಗೀಬೇಡ. ಅಲ್ಲಿಂದಲೇ ಬೊಗಳು. ಯಾಕೋ ಒಪ್ಪಲ್ಲ?"

ಒಳಗಿಂದ ಕೆಮ್ಮು ಬಂತು, ಹಿಂದೆಯೇ ಮಾತು. "ಒಪ್ಪಿ, ಕಿಡ್ನಿ ಕಳ್ಕೊಂಡು, ಜೀವ ಇರೋವರೆಗೂ ನಿನ್ನ ಬಾಯಿಗೆ ಸಿಗ್ಲಾ? ನಿನ್ನ ಕಿಡ್ನಿ ಜೊತೆಗೇ ಹೋಗ್ತೀನಿ ಬಿಡು. ಬೇಕಿದ್ರೆ ಆಮೇಲೆ ವಾಪಸ್ ತಗೋ."

ಅವಳು ಮೆಟ್ಟಿಲ ಮೇಲೆ ಕುಸಿದಳು. ಬಾಯಿ ಮಾತ್ರ ಕುಸಿಯಲಿಲ್ಲ.

"ಲೋ ದರಿದ್ರದವನೇ, ಕೊಟ್ಟಿದ್ದು ನೀನು ಬದುಕ್ಲಿ ಅಂತ. ಅದು ಬದುಕ್ಲಿ ಅಂತ ನೀನು ಸಾಯ್ತೀಯಾ? ಅದು ನಂದಲ್ಲ, ನಿಂದು. ಇಟ್ಕೋ, ಬಿಸಾಕು, ಏನಾದ್ರೂ ಮಾಡ್ಕೋ. ನಾಳೆ ಮಾತ್ರೆ ಕಡಿಮೆ ಆಗ್ಲಿಲ್ವೋ, ಈ ಬಾಗಿಲು ಒಡೆದು ಒಳಗೆ ಬರ್ತೀನಿ. ನಂಗೂ ಅಂಟ್ಲಿ!"

"ಅಯ್ಯೋ, ದೂರ ಇರೇ!" ಎಂದು ಅವನು ಕಿರುಚಿದ. "ಮಾಡ್ಲಿ, ಕಡಿಮೆ ಮಾಡ್ಲಿ. ನೀನು ಮೊದಲು ಕೆಳಗಿಳಿ."

ಮಾತ್ರೆ ಕಡಿಮೆಯಾಯಿತು. ನಿಧಾನಕ್ಕೆ ಕೆಮ್ಮು ಹೋಯಿತು. ಡಾಕ್ಟರಮ್ಮ ಹೆದರಿದ್ದಂತೆ ಕಿಡ್ನಿಯೂ ಹೋಯಿತು.

ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ನಿಂತು ಅಕ್ಕ ಡಾಕ್ಟರಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ನನ್ನ ಹತ್ರ ಇನ್ನೊಂದಿದೆಯಲ್ಲ, ಅದನ್ನೂ ತಗೊಳ್ಳಿ."

"ತಗೊಂಡ್ರೆ ನೀವು ಪಕ್ಕದ ಹಾಸಿಗೆಗೆ ಬರ್ತೀರ, ಅಷ್ಟೇ," ಎಂದು ಅವರು ಗದರಿ ಹೊರಟುಹೋದರು.

"ಸದ್ಯ, ಬದುಕಿಕೊಂಡೆ!" ಎಂದ ತಮ್ಮ. "ಒಂದು ಕೊಟ್ಟಿದ್ದಕ್ಕೇ ಉಸಿರಾಡೋಕೆ ಬಿಡ್ಲಿಲ್ಲ ನೀನು."

"ಮುಚ್ಚೋ ಬಾಯಿ," ಎಂದಳು ಅವಳು. ಸ್ಟೂಲ್ ಎಳೆದುಕೊಂಡು ಕೂತಳು. ಕಣ್ಣೀರು ಬಳಬಳನೆ ಸುರಿಯಿತು, ಒರೆಸಿಕೊಳ್ಳಲಿಲ್ಲ.

"ಸಾವಿಗಿಂತ ಜಾಸ್ತಿ ನಂಗೇ ಹೆದರಿದ್ಯಲ್ಲೋ."

ತಮ್ಮ ಅವಳ ಮುಖವನ್ನೇ ನೋಡಿದ. ಸಮಾಧಾನಕ್ಕೊಂದು ಸುಳ್ಳು ಹೇಳಬಹುದಿತ್ತು.

"ಹೂಂ ಕಣೇ," ಎಂದ.