ಗುಡಿಸುವವರ ಹಾಡು

ಸ್ವೀಡನ್ನಿನಲ್ಲಿ ನವೆಂಬರ್ ತಿಂಗಳ ಭಾನುವಾರ. ನಾರ್‌ಶೋಪಿಂಗ್‌ನಲ್ಲಿ ಬೆಳಗಾಗಿದೆ ಅಂತ ಗಡಿಯಾರ ಹೇಳಬೇಕೇ ಹೊರತು ಆಕಾಶ ಹೇಳುವುದಿಲ್ಲ. ಹೊಳೆ ದಂಡೆಯ ಹಳೇ ಬಟ್ಟೆ ಗಿರಣಿ ಈಗ ಕುಣಿಯುವ ಹಾಲ್ ಆಗಿದೆ. ಅದರೊಳಗೆ ಭಾಸ್ಕರ ಮೊಗವೀರ ಉದ್ದ ಹಿಡಿಯ ಪೊರಕೆ ಹಿಡಿದು, ಗೋಡೆ ಬದಿಯಿಂದ ನಡುವಿಗೆ ಗುಡಿಸುತ್ತಾ ಬರುತ್ತಾರೆ. ಒಂಟಿ ಕೈಗವಸು, ಪ್ಲಾಸ್ಟಿಕ್ ಲೋಟ, ಯಾರದೋ ಕಿವಿಯೋಲೆ.

"ಲೋಟ ಎಲ್ಲ ಗೋಡೆ ಹತ್ರವೇ ಉಂಟು ನೋಡಿ. ನಿನ್ನೆ ಜನ ಕುಣೀಲಿಲ್ಲ, ಬರೀ ನಿಂತಿದ್ರು," ಎನ್ನುತ್ತಾರೆ.

ಬಾಗಿಲಲ್ಲಿ ನಿನ್ನೆಯ ಪೋಸ್ಟರ್ ಇನ್ನೂ ಇದೆ. ಖರ್ಜೂರದ ಮರ, ಕೆಂಪು ಸೂರ್ಯ, 'ಬಾಲಿಯಾರಿಕ್ ರಾತ್ರಿ' ಎಂದು ದಪ್ಪಕ್ಷರ. ಸ್ಪೇನಿನ ಇಬೀಸಾ ದ್ವೀಪದಲ್ಲಿ ಹುಟ್ಟಿದ ಕುಣಿತದ ಸಂಗೀತಕ್ಕೆ ಆ ಹೆಸರು. ಅದು ಹುಟ್ಟುವ ಕಾಲಕ್ಕೆ ಅಲ್ಲಿ ಲೋಟ ತೊಳೆಯುತ್ತಿದ್ದ ಮನುಷ್ಯನೇ ಇಲ್ಲಿ ಗುಡಿಸುತ್ತಿದ್ದಾನೆಂದು ಕುಣಿಯಲು ಬರುವ ಹುಡುಗರಿಗೆ ಗೊತ್ತಿಲ್ಲ. ಅರವತ್ತು ತುಂಬಿದ ಇವರು ಹೇಳಿಕೊಂಡವರೂ ಅಲ್ಲ.

ಭಾಸ್ಕರಣ್ಣನ ಊರು ಕುಂದಾಪುರದ ಹತ್ತಿರದ ಬೀಜಾಡಿ. ಅಪ್ಪ ರಂಪಣಿ ಬಲೆ ಎಳೆಯುವ ಗುಂಪಿನವರು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ ಅದು. ಯಂತ್ರದ ದೋಣಿಗಳು ಬಂದು ದೂರದಲ್ಲೇ ಮೀನು ಬಾಚಿಕೊಂಡ ಮೇಲೆ ರಂಪಣಿ ಮರಳಲ್ಲೇ ಒಣಗಿತು. ಇವರು ಮುಂಬಯಿಗೆ ಹೋಗಿ ಹಡಗು ಹತ್ತಿದರು. ಎಂಬತ್ತಮೂರರಲ್ಲಿ ಕಾಲಿಗೆ ಪೆಟ್ಟಾದಾಗ ಹಡಗಿನವರು ಸ್ಪೇನಿನಲ್ಲಿ ಇಳಿಸಿ ಹೋದರು. ಅಲ್ಲಿಂದ ಕೆಲಸ ಹುಡುಕುತ್ತಾ ದ್ವೀಪಕ್ಕೆ.

ಕೆಲಸ ಸಿಕ್ಕಿದ್ದು ಮೇಲೆ ಸೂರಿಲ್ಲದ ಒಂದು ಕ್ಲಬ್ಬಿನಲ್ಲಿ. ಹತ್ತು ದೇಶದ ಜನ ಬರುತ್ತಿದ್ದರು, ಒಬ್ಬರ ಹಾಡು ಇನ್ನೊಬ್ಬರಿಗೆ ಬೇಡ. ರೆಕಾರ್ಡು ಹಾಕುವವನ ಹತ್ತಿರ ಇದ್ದದ್ದೂ ಕಡಿಮೆ. ಸ್ಪೇನಿನ ಗಿಟಾರು, ಜಮೈಕಾದ ತಾಳ, ಆಫ್ರಿಕಾದ ಡೋಲು, ಇಟಲಿಯ ಅಳುವ ಹಾಡು, ಏನು ಕೈಗೆ ಬಂತೋ ಅದನ್ನೇ ಒಂದರ ಬಾಲಕ್ಕೆ ಇನ್ನೊಂದು ಕಟ್ಟುತ್ತಿದ್ದ.

"ರಂಪಣಿಗೆ ಬಿದ್ದ ಮೀನಿನ ಹಾಗೆ ಮಾರಾಯ್ರೆ. ಬಂಗುಡೆ, ಬೂತಾಯಿ, ಏಡಿ, ಎಲ್ಲ ಒಂದೇ ರಾಶಿ. ಸಾರು ಮಾಡುವವಳ ಕೈಗುಣದಲ್ಲಿ ರುಚಿ ಬರುದು. ಆ ಹಾಡು ಎಲ್ಲ ಇವತ್ತೂ ಅಂಗಡಿಯಲ್ಲಿ ಸಿಗ್ತದೆ. ಯಾವುದಾದ ಮೇಲೆ ಯಾವುದು ಅನ್ನುದು ಸಿಗುದಿಲ್ಲ."

ಎಂಬತ್ತೇಳರ ಬೇಸಿಗೆಯಲ್ಲಿ ಬಂದ ಇಂಗ್ಲಿಷ್ ಹುಡುಗರು ಆ ಪದ್ಧತಿಯನ್ನು ಲಂಡನ್ನಿಗೆ ಕೊಂಡೊಯ್ದರು. ಅಲ್ಲಿಂದ ಅದು ಚಳಿದೇಶಗಳಿಗೂ ಹಬ್ಬಿತು. ಬಿಸಿಲು ಕಾಣದ ಸ್ವೀಡನ್ನಿನ ಹುಡುಗರು ಬಿಸಿಲಿನ ಸಂಗೀತ ಮಾಡತೊಡಗಿದರು. ಎಲ್ಲ ಬಂತು, ಒಂದು ಮಾತ್ರ ಬರಲಿಲ್ಲ. ಭಾಸ್ಕರಣ್ಣನ ಕ್ಲಬ್ಬಿನಲ್ಲಿ ಬೆಳಕು ಹರಿದ ಮೇಲಿನ ಕೊನೆಯ ಹಾಡು ಗುಡಿಸುವವರಿಗೆ. ಅದು ಶುರುವಾದರೆ ಕುಣಿಯುವವರು ತಮ್ಮ ಲೋಟ ತಾವೇ ಎತ್ತಿಕೊಟ್ಟು ಹೋಗಬೇಕು. ಇಲ್ಲಿ ದೀಪ ಹಾಕಿದರೆ ಸಾಕು, ಜನ ಬಾಗಿಲಲ್ಲಿ ಕಳಚಿಟ್ಟ ಕೋಟು ಪಡೆಯುವ ಸಾಲಿಗೆ ಓಡುತ್ತಾರೆ.

ಹೆಂಡತಿ ಗುನಿಲ್ಲಾ ಸಿಕ್ಕಿದ್ದೂ ಆ ಕ್ಲಬ್ಬಿನಲ್ಲೇ. ಬೇಸಿಗೆಗೆ ಕೆಲಸಕ್ಕೆ ಬರುತ್ತಿದ್ದ ನಾರ್‌ಶೋಪಿಂಗ್ ಹುಡುಗಿ. ಇಬ್ಬರೂ ಸೇರಿ ಅಲ್ಲಿಯ ಬೆಳಗುಗಳನ್ನು ಕ್ಯಾಸೆಟ್ಟಿಗೆ ತುಂಬಿದರು. ಸ್ವೀಡನ್ನಿಗೆ ಬಂದ ಮೊದಲ ಚಳಿಗಾಲ ಹೊರಗೆ ಎಲ್ಲೆಲ್ಲೂ ಒದ್ದೆ ಹಿಮ. ಬೀಜಾಡಿಯವರ ಬುದ್ಧಿ ಓಡಿದ್ದು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದೀತು ಎಂಬ ಕಡೆಗೆ. ಊರಲ್ಲಿ ಮಳೆಗಾಲಕ್ಕೆ ಒಣಮೀನು, ಕಾಗದಪತ್ರ ಎಲ್ಲ ಒಲೆ ಮೇಲಿನ ಅಟ್ಟಕ್ಕೆ ಏರುತ್ತವೆ. ಇಲ್ಲಿ ಒಲೆಯಿಲ್ಲ, ಅಟ್ಟವಿಲ್ಲ. ಕಿಟಕಿಯ ಕೆಳಗೆ ಮನೆ ಬೆಚ್ಚಗಿಡುವ ಕಬ್ಬಿಣದ ಬಿಸಿನೀರ ಪೆಟ್ಟಿಗೆ ಇದೆ, 'ಎಲಿಮೆಂಟ್' ಎನ್ನುತ್ತಾರೆ. ಕ್ಯಾಸೆಟ್ಟುಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿದರು. ವಸಂತ ಬರುವಷ್ಟರಲ್ಲಿ ಎಲ್ಲ ಹಪ್ಪಳದಂತೆ ಸೊಟ್ಟಗಾಗಿದ್ದವು.

"ಹೊರಗೆ ಒದ್ದೆ, ಮನೆ ಒಳಗೆ ಒಣ. ಇದು ಎಂತ ದೇಶ ಅಂತ ನಂಗೆ ಗೊತ್ತಾಗ್ಲಿಲ್ಲ. ಅವಳು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು."

ಕಾರಿನಲ್ಲಿ ಬಿಟ್ಟಿದ್ದ ಒಂದು ಕ್ಯಾಸೆಟ್ ಮಾತ್ರ ಉಳಿಯಿತು. ಅದರ ಕೊನೆಗೆ, ಗುಡಿಸುವವರ ಹಾಡಿನ ಮೇಲೆ, ಗುನಿಲ್ಲಾ ಕೂಗುತ್ತಾರೆ: "ಭಾಸ್ಕರಾ, ಇಲ್ಲಿ ಕಸ ಉಂಟು." ಆಕೆ ಕಲಿತ ಮೊದಲ ಕನ್ನಡ. ಆಕೆ ತೀರಿಕೊಂಡು ಮೂರು ವರ್ಷವಾಯಿತು. ಅವರ ದನಿ ಇರುವುದು ಅದೊಂದರಲ್ಲೇ. ತಿರುಗಿಸಿದಷ್ಟೂ ಸವೆಯುತ್ತದೆಂದು ಭಾಸ್ಕರಣ್ಣ ಅದನ್ನು ಹಾಕಿಯೇ ಇಲ್ಲ.

ಈ ಊರಲ್ಲೇ ಸಂಶೋಧನೆ ಮಾಡುವ ಹಯವದನ ಎಂಬ ಬೆಂಗಳೂರಿನ ಹುಡುಗ, ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ಒಂದು ತಿಂಗಳಿಂದ ಹೇಳುತ್ತಿದ್ದಾನೆ. "ಹಾಕಿದ್ರೆ ಹೋಗಬಹುದು ಭಾಸ್ಕರಣ್ಣ. ಇಟ್ರೆ ಗ್ಯಾರಂಟಿ ಹೋಗುತ್ತೆ," ಎಂಬುದು ಅವನ ಲೆಕ್ಕಾಚಾರ. ಮಗಳು ಅನಿಕಾ ಸಾಮಾನ್ಯವಾಗಿ ಸ್ವೀಡಿಷಿನಲ್ಲೇ ಮಾತಾಡುವವಳು. ಹೋದ ವಾರ ಅಪ್ಪನೆದುರು ಕನ್ನಡದಲ್ಲಿ ಹೇಳಿದಳು: "ನಂಗೆ ಅಮ್ಮನ ವಾಯ್ಸ್ ಬೇಕು ಅಪ್ಪ. ಡಬ್ಬಿ ಅಲ್ಲ."

ಹಾಗಾಗಿ ಇವತ್ತು ಹಾಲ್‌ನಲ್ಲಿ ಮೂವರಿದ್ದಾರೆ. ಅರ್ಧ ಗುಡಿಸಿದ ನೆಲದ ನಡುವೆ ಭಾಸ್ಕರಣ್ಣ ಪೊರಕೆಗೆ ಗಲ್ಲ ಊರಿ ನಿಲ್ಲುತ್ತಾರೆ. ಹಯವದನ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುತ್ತಾನೆ. ಗಿಟಾರು ಬರುತ್ತದೆ, ಅದರ ಬಾಲ ಹಿಡಿದು ಡೋಲು. "ಇನ್ನು ಬೆಳಕು ಹರೀತದೆ," ಎಂದು ಮೊದಲೇ ಹೇಳುತ್ತಾರೆ. ಮೌತ್ ಆರ್ಗನ್ನಿನ ನಿಧಾನ ರಾಗವೊಂದು ಏಳುತ್ತದೆ. ಅದರಡಿಯಲ್ಲಿ ಸರ್ ಸರ್ ಎಂದು ಪೊರಕೆಯ ಸದ್ದು. ಮೂವತ್ತು ವರ್ಷ ಹಿಂದಿನ ಭಾಸ್ಕರಣ್ಣ ಗುಡಿಸುತ್ತಿದ್ದಾರೆ. ಅನಿಕಾ ಯಂತ್ರದ ಹತ್ತಿರಕ್ಕೆ ಸರಿಯುತ್ತಾಳೆ.

ರಾಗ ಜಗ್ಗುತ್ತದೆ, ದಪ್ಪವಾಗುತ್ತದೆ, ನಿಲ್ಲುತ್ತದೆ. ಯಂತ್ರ ರೀಲು ನುಂಗಿದೆ.

ಹಯವದನ ಬಿಡಿಸಿ ಬಿಡಿಸಿ ತೆಗೆಯುತ್ತಾನೆ. ಗೇಣುದ್ದ ರೀಲು ನುಜ್ಜುಗುಜ್ಜಾಗಿದೆ. ಅಷ್ಟನ್ನು ಕತ್ತರಿಸಿ ಎರಡು ತುದಿ ಅಂಟಿಸಿ ಮತ್ತೆ ಹಾಕುತ್ತಾನೆ. ಪೊರಕೆ, ಪೊರಕೆ, ಆಮೇಲೆ ಯಾರೋ ಚಪ್ಪಾಳೆ ತಟ್ಟುವುದು. ನಡುವೆ ಇರಬೇಕಾದ ಕೂಗು ಇಲ್ಲ, ಅದು ಕತ್ತರಿಸಿದ ತುಂಡಿನಲ್ಲೇ ಉಳಿದಿದೆ. ಆ ಹುಡುಗ ಯಂತ್ರದ ವೈರು ಬಿಚ್ಚತೊಡಗುತ್ತಾನೆ.

ಭಾಸ್ಕರಣ್ಣ ಅವನ ಬೆನ್ನು ಸವರಿ ಉಳಿದರ್ಧ ನೆಲ ಗುಡಿಸಲು ಹೋಗುತ್ತಾರೆ. ಅನಿಕಾ ಗೋಡೆ ಬದಿಯ ಲೋಟಗಳನ್ನು ಒಂದೊಂದೇ ಎತ್ತಿ ತಂದುಕೊಡುತ್ತಾಳೆ. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಲ್ಲ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ದೊಡ್ಡದೇನೂ ಇಲ್ಲವಂತೆ. "ಕೊನೆಯ ಹಾಡು ಗುಡಿಸುವವರಿಗೆ. ಅದೊಂದನ್ನು ಇಲ್ಲಿಯವ್ರು ಕಲ್ತರೆ ಸಾಕು."

ಆ ಗೇಣುದ್ದದ ರೀಲನ್ನು ಅವರು ಕಸಕ್ಕೆ ಹಾಕಿಲ್ಲ. ನೇವರಿಸಿ ನೇರ ಮಾಡಿ, ಕೈವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡಿದ್ದಾರೆ. ಮನೆಗೆ ಹೋಗಿ ಎಲ್ಲಿಡುತ್ತೀರಿ ಎಂದು ಅನಿಕಾ ಕೇಳುತ್ತಾಳೆ.

"ಎಲಿಮೆಂಟ್ ಮೇಲೆ ಅಂತೂ ಅಲ್ಲ ಮಗಾ."