ಸಾಲಹಳ್ಳಿ ಕಾಕಾನ ಸೂತಕ

ಸ್ಟೀಲ್ ಪಾತ್ರೆ ಮಾರುತ್ತ ಊರೂರು ತಿರುಗುವ ನನಗೆ, ಹೋದಲ್ಲೆಲ್ಲ ನಮ್ಮ ಅಡ್ಡಹೆಸರಿನವರನ್ನು ವಿಚಾರಿಸುವ ಚಟ. ಸಾಲಹಳ್ಳಿಯಲ್ಲಿ ಅಂಥ ಮುದುಕನೊಬ್ಬ ಸಿಕ್ಕ. ಮನೆದೇವರು ಯಾರೆಂದು ಕೇಳಿದ, ಹಿರಿಯರ ಹೆಸರು ಕೇಳಿದ. ಆಮೇಲೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ.

"ನಿಮ್ಮ ಮುತ್ಯಾನ ಅಪ್ಪ, ನಮ್ಮ ಮುತ್ಯಾ ಖಾಸ ಅಣ್ಣತಮ್ಮರು. ನಾ ನಿನಗ ಕಾಕಾ ಆಗಬೇಕು. ಒಳಗ ಬಾ, ಉಂಡ ಹೋಗು."

ಬೈಲಹೊಂಗಲದ ಮನೆಗೆ ಬಂದು ಹೇಳಿದರೆ ಅಣ್ಣನಿಗೆ ಖುಷಿಯಾಗಲಿಲ್ಲ. "ಇಷ್ಟ ದಿನ ಇಲ್ಲದ ಕಾಕಾ ಈಗ್ಯಾಕ ಬೇಕಾಗಿದ್ನೋ?"

ಅಣ್ಣನ ಮಗಳ ನಿಶ್ಚಯದ ಹಿಂದಿನ ದಿನ ಸಾಲಹಳ್ಳಿಯಿಂದ ನನಗೆ ಫೋನ್ ಬಂತು. ಕಾಕಾ ತೀರಿಕೊಂಡಿದ್ದ. ಒಂದೇ ಮನೆತನದ ಭಾವುಬಂದರಿಗೆಲ್ಲ ಸೂತಕ, ಮನೆಯಲ್ಲಿ ಶುಭಕಾರ್ಯ ನಡೆಯುವಂತಿಲ್ಲ.

"ನೀ ಫೋನ್ ಎತ್ತೇ ಇಲ್ಲ ಅಂತ ತಿಳ್ಕೋ," ಅಂದ ಅಣ್ಣ. "ಬೀಗರಿಗೆ ಏನಂತ ಹೇಳಲಿ?"

ಒಲೆಯ ಮೇಲಿಂದ ಹೂರಣ ಇಳಿಸುತ್ತ ವೈನಿ ಅಂದಳು: "ಕರದು ಉಣಿಸಿದ ಮನಿರೀ ಅದು. ಸುದ್ದಿ ಕೇಳಿನೂ ಸುಮ್ನ ಕುಂತ್ರ ಆ ಅನ್ನ ನಿಮ್ಮ ತಮ್ಮಗ ದಕ್ಕತೈತೇನ?"

ಅಣ್ಣ ಬೀಗರಿಗೆ ಫೋನ್ ಮಾಡಿ ನಿಶ್ಚಯ ಮುಂದೆ ಹಾಕಿದ. ನನ್ನ ಬೈಕ್ ಹತ್ತಿ ಕಾಕಾನ ಮಣ್ಣಿಗೆ ಬಂದ.

"ಇಂಥಾ ಕಾಕಾಗೋಳನ್ನ ಇನ್ನ ಎಷ್ಟ ಮಂದೀನ ಹುಡಕಿಟ್ಟಿ?" ಎಂದು ಸಾಲಹಳ್ಳಿ ಹತ್ತಿರ ಬಂದಾಗ ಕೇಳಿದ.

ಯಾರೂ ಇಲ್ಲ ಅಂದೆ. ಸವದತ್ತಿ ಕಾಕಾನ ಸುದ್ದಿ ಮದುವೆ ಮುಗಿದ ಮೇಲೆ ಹೇಳಿದರಾಯಿತು. ಅವನಿಗೆ ಈಗೀಗ ಕೆಮ್ಮು ಹೆಚ್ಚಾಗಿದೆ.